ಬ್ರೆಡ್ಡು ನಿಲ್ಲಿಸಿ ಹಿಟ್ಟು ಬಡಿಸಿದ ವರ್ಷ

ಇದು ಆಗದ ಕೆಲಸ ಅಂತ ಮೊದಲು ಹೇಳಿದವಳು ನಮ್ಮ ಹಾಸ್ಟೆಲಿನ ಅಡುಗೆಯಮ್ಮ. "ನಲವತ್ತೆರಡು ಎಣ್ಮಕ್ಕಳಿಗೆ ದಿನಾ ಇಟ್ಟು ತೊಳಸಕ್ಕೆ ನನ್ನ ರಟ್ಟೆ ಏನು ಕಬ್ಬಿಣದ್ದಾ ಮೇಡಮ್ಮಾರೆ?" ಅಂದಳು. ಹಿಟ್ಟು ಅಂದರೆ ನಮ್ಮ ಕಡೆ ರಾಗಿ ಮುದ್ದೆ. ಎರಡನೆಯವರು ಹಾಸ್ಟೆಲ್ ನಡೆಸುತ್ತಿದ್ದ ಸಂಸ್ಥೆಯ ಕಾರ್ಯದರ್ಶಿ. ಕೊಳ್ಳೇಗಾಲದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. "ಹಿಟ್ಟು ತಿನ್ನೋಕೆ ಆ ಮಕ್ಕಳು ಅವರವರ ಮನೇಲೇ ಇರಬಹುದಿತ್ತಲ್ಲ ಮೇಡಂ. ಯಾರೂ ಮುಟ್ಟಲ್ಲ, ನೋಡ್ತಿರಿ" ಅಂದರು. ಮೂರನೆಯವಳು ಲೊಕ್ಕನಹಳ್ಳಿ ಕಡೆಯ ಒಬ್ಬ ಅಜ್ಜಿ. ಅವಳು ಹೇಳಿದ್ದು ಊಟದ ವಿಚಾರವಲ್ಲ, ತನ್ನ ಮೊಮ್ಮಗಳ ವಿಚಾರ. "ನಮ್ಮ ವಂಸದಲ್ಲಿ ಒಂದು ಎಣ್ಣು ಹತ್ತನೇ ಕ್ಲಾಸು ಮುಗ್ಸಿರೋದು ಎಲ್ಲವ್ವಾ ಐತೆ? ಆಗಾಕಿಲ್ಲ ಬುಡು. ಕರ್ಕೊಂಡೋಯ್ತೀನಿ."

ಮೂರೂ ಮಾತನ್ನು ನಾನು ಒಂದೇ ವಾರದಲ್ಲಿ ಕೇಳಿಸಿಕೊಂಡೆ.

ತೊಂಬತ್ತರ ದಶಕದ ನಡುವಿನ ಮಾತು. ಹನೂರಿನ ಅಂಚಿನಲ್ಲಿದ್ದ ಆ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ವಾರ್ಡನ್ ಆಗಿ ಹೋಗಿ ಒಂದು ವರ್ಷವಾಗಿತ್ತು. ನನ್ನೂರು ಮುಳ್ಳೂರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಗಂಡಸರನ್ನೂ ಸೇರಿಸಿಯೇ ಈ ಮಾತು. ಬಿ.ಎ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನನ್ನ ಕೋಣೆಯ ಗೋಡೆಗೆ ತೂಗುಹಾಕಿದ್ದೆ. ಅದು ಹೆಮ್ಮೆಗೆ ಅಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ನಾನು ಹೋದಾಗ ಅಲ್ಲಿನ ಊಟ ಹೀಗಿತ್ತು. ಬೆಳಿಗ್ಗೆ ಬ್ರೆಡ್ಡು ಜಾಮು, ಇಲ್ಲವೇ ಶಾವಿಗೆ ಉಪ್ಪಿಟ್ಟು. ಮಧ್ಯಾಹ್ನ ಬಿಳಿ ಅನ್ನ, ಪ್ಯಾಕೆಟ್ ಪುಡಿಯ ಸಾರು. ಸಂಜೆ ಬಿಸ್ಕತ್ತು, ಟೀ. ರಾತ್ರಿಗೆ ಮತ್ತೆ ಅದೇ ಅನ್ನ ಸಾರು. ಭಾನುವಾರ ನೂಡಲ್ಸು. ಹದಿನೈದು ದಿನಕ್ಕೊಮ್ಮೆ ಕೊಳ್ಳೇಗಾಲದ ಒಬ್ಬ ಹೋಲ್‌ಸೇಲ್ ವ್ಯಾಪಾರಿಯ ವ್ಯಾನು ಬಂದು ಡಬ್ಬ, ಪ್ಯಾಕೆಟ್ಟುಗಳನ್ನು ಇಳಿಸಿ ಹೋಗುತ್ತಿತ್ತು. ಕಲ್ಲು ಆರಿಸುವ ಕೆಲಸವಿಲ್ಲ, ಸೊಪ್ಪು ಸೋಸುವ ಕೆಲಸವಿಲ್ಲ. ಅಡುಗೆಯಮ್ಮ ಹತ್ತು ಗಂಟೆಗೆಲ್ಲ ಕೈ ತೊಳೆದುಕೊಂಡು ಕೂತಿರುತ್ತಿದ್ದಳು. ಅಪ್ಪ ಅಮ್ಮಂದಿರಿಗೂ ಅದು ದೊಡ್ಡಸ್ತಿಕೆ. ನನ್ನ ಮಗಳು ದಿನಾ ಬ್ರೆಡ್ಡು ತಿಂತಾಳೆ ಅಂತ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿಕೊಳ್ಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಆ ಊಟ ಸರಿಯಿಲ್ಲ ಅಂತ ನನಗೂ ಅನ್ನಿಸಿರಲಿಲ್ಲ.

ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಮ್ಮ ಹಾಸ್ಟೆಲಿನ ಹತ್ತನೇ ಕ್ಲಾಸಿನ ಹುಡುಗಿ ತಲೆ ಸುತ್ತಿ ಬಿದ್ದಳು. ವಾರ ಬಿಟ್ಟು ಇನ್ನೊಮ್ಮೆ ಬಿದ್ದಳು. ಮೂರನೇ ಸಲ ಬಿದ್ದಾಗ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನನ್ನು ಹಾಸ್ಟೆಲಿಗೇ ಕರೆಸಿದೆ. ಅವರು ಆ ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಉಗುರು ಒತ್ತಿ ನೋಡಿ, ಇನ್ನೊಬ್ಬಳನ್ನು ಕರೆದರು. ಆಮೇಲೆ ಮತ್ತೊಬ್ಬಳನ್ನು. ಮಧ್ಯಾಹ್ನದೊಳಗೆ ನಲವತ್ತೆರಡು ಜನರ ಕಣ್ಣೂ ನೋಡಿ ಮುಗಿಸಿದರು.

"ಅರ್ಧಕ್ಕಿಂತ ಜಾಸ್ತಿ ಹುಡುಗೀರಿಗೆ ರಕ್ತ ಕಮ್ಮಿ ಇದೆ. ಈ ದೊಡ್ಡ ಹುಡುಗಿಗಂತೂ ತೀರಾ ಕಮ್ಮಿ. ಮಾತ್ರೆ ಕೊಡ್ತೀನಿ. ಟೀ ಜೊತೆ ನುಂಗಿಸಬೇಡಿ" ಅಂದರು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳಿದರು: "ಸೊಪ್ಪು, ಕಾಳು, ರಾಗಿ, ಇವು ಮೂರನ್ನ ಈ ಮಕ್ಕಳು ಕೊನೇ ಸಲ ಯಾವಾಗ ತಿಂದ್ರು ಮೇಡಂ?"

ಬಿ.ಎ. ಓದಿದವಳು ಅವರು ಹೋದ ಮೇಲೆ ಸಾಮಾನಿನ ಲೆಕ್ಕದ ಪುಸ್ತಕ ತಿರುವಿದೆ; ಇಡೀ ವರ್ಷದ ಲೆಕ್ಕದಲ್ಲಿ ಆ ಮೂರೂ ಇರಲಿಲ್ಲ.

ಆ ಭಾನುವಾರ ಅಜ್ಜಿ ಬಂದಳು. ಹುಡುಗಿಗೆ ತಾಯಿ ಇರಲಿಲ್ಲ. ಅಪ್ಪ ಕಾಡಂಚಿನ ಹೊಲದಲ್ಲಿ ಹಂದಿ, ಆನೆ ಬರದಂತೆ ಕಾಯುತ್ತಾ ಅಟ್ಟಣೆ ಮೇಲೆ ಮಲಗುವ ಮನುಷ್ಯ. ಸಾಕಿದವಳು ಈ ಅಜ್ಜಿಯೇ. ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಮನೇಲಿದ್ದಾಗ ಮೇಕೆ ಮರಿ ಅಂಗೆ ನೆಗಿತಿದ್ದ ಕೂಸು ಕಣವ್ವ ಇದು. ಇಲ್ಲಿ ಸುಣ್ಣ ಬಳ್ದಂಗೆ ಆಗವಳೆ. ಸಾಕು ಓದಿದ್ದು. ಅವಳ ಸೋದರಮಾವ ಕೇಳ್ತಾವ್ನೆ. ಕೊಟ್ಬುಡ್ತೀವಿ."

"ಅಜ್ಜಿ, ಇನ್ನು ಆರು ತಿಂಗಳಿಗೆ ಪರೀಕ್ಷೆ. ಅಲ್ಲಿವರೆಗೆ ಬಿಡಿ."

"ಆರು ತಿಂಗಳು ಅಂಗೇ ಇದ್ರೆ ಪರೀಕ್ಸೆಗೆ ಇವಳ ಫೋಟೋನ ಕುಂಡ್ರುಸ್ತೀಯಾ?"

ಹುಡುಗಿ ಕಂಬ ಹಿಡಿದು ನಿಂತಿದ್ದಳು. ಅಳಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಅಜ್ಜಿ ಎಲೆ ಅಡಿಕೆ ಚೀಲ ಬಿಗಿದುಕೊಂಡು, "ಸಂಕ್ರಾಂತಿಗೆ ಬತ್ತೀನಿ. ಅವಾಗ್ಲೂ ಇಂಗೇ ಇದ್ರೆ ನಾನು ನಿನ್ನ ಕೇಳಾಕಿಲ್ಲ" ಅಂದು ಹೊರಟಳು. ಹೀಗೆ ನನಗೆ ಸಂಕ್ರಾಂತಿವರೆಗೆ ಗಡುವು ಸಿಕ್ಕಿತು.

ಕಾರ್ಯದರ್ಶಿಯವರು ಬಂದಾಗ ಹೇಳಿದೆ. ತಲೆಗೆ ಇಷ್ಟು ಅಂತ ಸಂಸ್ಥೆ ಕೊಡುವ ಹಣದಲ್ಲಿ ಒಂದು ಪೈಸೆ ಜಾಸ್ತಿ ಕೇಳುವುದಿಲ್ಲ, ವ್ಯಾನಿನ ಸಾಮಾನು ನಿಲ್ಲಿಸಿ ಅದೇ ದುಡ್ಡಿನಲ್ಲಿ ರಾಗಿ, ಹುರುಳಿ, ಸೊಪ್ಪು, ಕಡಲೆಕಾಯಿ ಕೊಳ್ಳುತ್ತೇನೆ ಅಂದೆ. ಅವರು ನಗಾಡಿದರು. ಆದರೂ ಬೇಡ ಅನ್ನಲಿಲ್ಲ. "ಒಬ್ಬ ಅಪ್ಪ ಬಂದು ಕಂಪ್ಲೇಂಟ್ ಮಾಡಿದ್ರೂ ಬ್ರೆಡ್ಡು ವಾಪಸ್ ಬರುತ್ತೆ" ಅಂದರು.

ಕೆಲಸ ಶುರುವಾದದ್ದು ಸಂತೆಯಿಂದ. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪು ಅಗ್ಗ ಅಂತ ಎಲ್ಲರಿಗೂ ಗೊತ್ತು. ನಾನೂ ಮೊದಲ ವಾರ ಹಾಗೇ ಕಾದು ಕೊಂಡೆ. ಬಿಸಿಲಿಗೆ ಬಾಡಿದ್ದ ಕಟ್ಟುಗಳಲ್ಲಿ ಅರ್ಧ ಎಸೆಯಬೇಕಾಯಿತು. ಎರಡನೇ ವಾರ ದಾರಿ ಬದಲಿಸಿದೆ. ಸೊಪ್ಪು ಹೊತ್ತು ತರುವ ಹೆಂಗಸರು ನಮ್ಮ ಗೇಟಿನ ಮುಂದೆಯೇ ಬಸ್ಸಿಳಿದು ನಡೆಯುತ್ತಿದ್ದರು. ಅವರಲ್ಲಿ ನಾಲ್ಕು ಜನರನ್ನು ಹಿಡಿದು, ಸಂತೆಗೆ ಹೋಗುವ ಮೊದಲೇ ಗೇಟಿನಲ್ಲಿ ಕಟ್ಟು ಇಳಿಸಿ ಅಂತ ಒಪ್ಪಿಸಿದೆ. ಅವರಿಗೆ ಹೊರೆ ಇಳಿಯಿತು, ಅಷ್ಟಕ್ಕೆ ಸುಂಕವೂ ಉಳಿಯಿತು. ನನಗೆ ಇಬ್ಬನಿ ಆರದ ಸೊಪ್ಪು ಸಂತೆ ಮುಗಿಯುವ ಹೊತ್ತಿನ ಬೆಲೆಗೇ ಸಿಕ್ಕಿತು. ದಂಟು, ಗಣಿಕೆ, ಅಣ್ಣೆ, ಹೊಲದಲ್ಲಿ ತಾನಾಗಿ ಬೆಳೆಯುವ ಬೆರಕೆ ಸೊಪ್ಪು. ನುಗ್ಗೆ ಸೊಪ್ಪಿಗೆ ದುಡ್ಡೇ ಇಲ್ಲ, ಹಿತ್ತಲಲ್ಲಿ ಎರಡು ಮರ ಇದ್ದವು. ಬೆಲ್ಲಕ್ಕೆ ಯಳಂದೂರು ದಾಟಿ ಹೊನ್ನೂರಿನ ಆಲೆಮನೆವರೆಗೆ ಬಸ್ಸಿನಲ್ಲಿ ಹೋದೆ. ಅಚ್ಚು ಒಡೆದು ಪುಡಿಯಾದ ಬೆಲ್ಲವನ್ನು ವ್ಯಾಪಾರಿಗಳು ಮುಟ್ಟುವುದಿಲ್ಲ. ನಲವತ್ತೆರಡು ಬಾಯಿಗೆ ಅಚ್ಚಿನ ಆಕಾರ ಯಾಕೆ ಬೇಕು? ಅಗ್ಗಕ್ಕೆ ಒಂದು ಮೂಟೆ ತಂದೆ. ರಾಗಿಯನ್ನು ಲೊಕ್ಕನಹಳ್ಳಿಯ ಒಬ್ಬ ರೈತನಿಂದ ನೇರವಾಗಿ ಕೊಂಡೆ. ಹಳೆಯದು ಸ್ವಲ್ಪ ಇತ್ತು. ಹೊಸ ಬೆಳೆ ಬಂದ ಮೇಲೆ ಉಳಿದದ್ದು ಕೊಡುತ್ತೇನೆ ಅಂದ.

ಇಷ್ಟು ಮಾಡಿ, ಎಲ್ಲ ಬಂದೇ ಬಿಟ್ಟಿತು ಅಂದುಕೊಂಡೆ.

ಮೊದಲ ದಿನದ ಹಿಟ್ಟು ಖಾರವಾಗಿತ್ತು. ಹಿಟ್ಟು ಖಾರವಾಗುವುದನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. ವಿಚಾರಿಸಿದರೆ, ಮಿಲ್ಲಿನವನು ನಮ್ಮ ರಾಗಿಗೆ ಮುಂಚೆ ಯಾರದೋ ಮದುವೆ ಮನೆಯ ಖಾರದ ಪುಡಿ ಬೀಸಿದ್ದ. ನಮ್ಮವ್ವ ಆಗಿದ್ದರೆ ಮಿಲ್ಲಿನ ಬಾಯಿಗೆ ಮೂಗಿಟ್ಟು ನೋಡಿ, ಇನ್ಯಾರದಾದರೂ ರಾಗಿ ಮುಂದೆ ಹೋಗಲಿ ಅಂತ ಕಾಯುತ್ತಿದ್ದಳು. ನಾನು ಚೀಟಿ ಬರೆದು ಆಳಿನ ಕೈಲಿ ಕಳಿಸಿದ್ದೆ.

ಎರಡನೆಯದು ಹುರುಳಿ. ಮೊಳಕೆ ಕಟ್ಟಿದರೆ ಸತ್ವ ಹೆಚ್ಚು ಅಂತ ಪುಸ್ತಕದಲ್ಲಿ ಓದಿದ್ದೆ. ಐದು ಸೇರು ನೆನೆಸಿ, ನೀರು ಬಸಿದು, ಅಷ್ಟನ್ನೂ ಒಂದೇ ಅಲ್ಯೂಮಿನಿಯಂ ಡಬರಿಗೆ ತುಂಬಿ ಮುಚ್ಚಳ ಮುಚ್ಚಿದೆ. ಮಾರನೇ ದಿನ ಮುಚ್ಚಳ ತೆಗೆದರೆ ಬಿಸಿ ಹಬೆ, ಹುಳಿ ವಾಸನೆ, ಕೈ ಹಾಕಿದರೆ ಲೋಳೆ. ಮನೆಯಲ್ಲಿ ಒಂದು ಪಾವು ಕಾಳು ಬಟ್ಟೆಯಲ್ಲಿ ಕಟ್ಟುವುದೇ ಬೇರೆ, ರಾಶಿ ಕಾಳು ಒಳಗೊಳಗೇ ಕಾದು ಕೊಳೆಯುವುದೇ ಬೇರೆ. ಆಮೇಲೆ ಮೂರು ಬಿದಿರು ಮಂಕರಿ ತರಿಸಿ, ಒದ್ದೆ ಪಂಚೆ ಹಾಸಿ, ತೆಳ್ಳಗೆ ಹರಡಿ, ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿ ಕೈಯಾಡಿಸುವುದನ್ನು ಕಲಿತೆ. ಆದರೆ ಆವತ್ತು ಐದು ಸೇರೂ ತಿಪ್ಪೆಗೆ ಹೋಯಿತು. ಅಡುಗೆಯಮ್ಮ ನನ್ನ ಮುಖ ನೋಡದೆ ಡಬರಿ ತೊಳೆದಳು. ಬೈದಿದ್ದರೆ ವಾಸಿಯಿತ್ತು.

ಮೂರನೆಯದು ಗಂಟು. ನಲವತ್ತು ಚಿಲ್ಲರೆ ಜನಕ್ಕೆ ಒಂದೇ ಪಾತ್ರೆಯಲ್ಲಿ ಹಿಟ್ಟು ತೊಳಸಿದರೆ ಕೋಲು ತಳ ಮುಟ್ಟುವುದಿಲ್ಲ, ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಮೂರು ಪಾತ್ರೆಗೆ ಹಂಚಿದೆವು. ಪಾತ್ರೆ ಅಲುಗದಂತೆ ಕವೆಗೋಲಿನಿಂದ ಅದುಮಿ ಹಿಡಿಯಲು ಒಬ್ಬರು ಬೇಕು. ನಾನು ಹಿಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು.

ಇಷ್ಟೆಲ್ಲ ದಾಟಿ, ನುಣ್ಣಗೆ ಹೊಳೆಯುವ ಹಿಟ್ಟು, ಬಸ್ಸಾರು, ಮೇಲೆ ಹಿಂಡಲು ನಿಂಬೆಹಣ್ಣು ಎಲ್ಲ ತಟ್ಟೆಗೆ ಬಂದ ದಿನ ಹುಡುಗಿಯರು ತಿನ್ನಲಿಲ್ಲ. ಗಲಾಟೆ ಮಾಡಲಿಲ್ಲ, ದೂರು ಹೇಳಲಿಲ್ಲ. ಸಾರಿನಲ್ಲಿ ಬೆರಳದ್ದಿ, ಅಂಚು ಮುರಿದು, ಆಟವಾಡಿ ಎದ್ದರು. ಮಾರನೇ ದಿನವೂ ಅಷ್ಟೇ. ಉಳಿದ ಹಿಟ್ಟೆಲ್ಲ ಪಕ್ಕದ ಮನೆಯ ಎಮ್ಮೆಗೆ ಹೋಯಿತು.

ಎರಡು ವಾರ ಕಳೆದ ಮೇಲೆ ಅಡುಗೆಯಮ್ಮ ಅಂದಳು: "ಎಮ್ಮೆ ಮೈ ಕೈ ತುಂಬ್ಕಂಡು ಬೋ ಚೆನ್ನಾಗಾಯ್ತು ಕಣ್ರಿ ಮೇಡಮ್ಮಾರೆ. ಈ ಸಲ ಪರೀಕ್ಸೆಗೆ ಅದುನ್ನೇ ಕೂರ್ಸಿ."

ಆ ದಿನಗಳಲ್ಲಿ ನನಗೆ ಮಾತಾಡಲು ಯಾರೂ ಇರಲಿಲ್ಲ. ಶಾಲೆಯ ಟೀಚರುಗಳೆಲ್ಲ ನಾಲ್ಕೂವರೆ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೊರಟುಬಿಡುತ್ತಿದ್ದರು. ಆಮೇಲೆ ನನ್ನ ಕಿಟಕಿಗೆ ಕಾಣುತ್ತಿದ್ದುದು ಖಾಲಿ ರಸ್ತೆ, ಅದರಾಚೆ ಬೆಟ್ಟ. ವಾರ್ಡನ್ ಅಂದಮೇಲೆ ಹುಡುಗಿಯರ ಜೊತೆ ಸಲಿಗೆ ಬೇಡ ಅಂತ ಮೊದಲ ದಿನವೇ ಹೇಳಿದ್ದರು. ಅಡುಗೆಯಮ್ಮ ಕ್ಯಾರಿಯರನ್ನು ನನ್ನ ಬಾಗಿಲಲ್ಲಿಟ್ಟು, ಬೆರಳಿನಿಂದ ಕದ ತಟ್ಟಿ ಹೋಗುತ್ತಿದ್ದಳು. ಒಳಗಿಟ್ಟುಕೊಂಡು, ಮೇಜಿನ ಮುಂದೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಒಂದು ವರ್ಷ ಹೀಗೇ ಉಂಡಿದ್ದೆ. ಅದರಲ್ಲಿ ತಪ್ಪೇನಾದರೂ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

ದೀಪಾವಳಿ ರಜೆ ಮುಗಿಸಿ ಬಂದ ಹುಡುಗಿಯರ ಟ್ರಂಕುಗಳಿಗೆ ಇರುವೆ ಮುತ್ತಿದವು. ಒಂದು ಸಂಜೆ ಟ್ರಂಕುಗಳನ್ನು ತೆಗೆಸಿ ನೋಡಿದೆ. ಒಂದಾದ ಮೇಲೊಂದರಲ್ಲಿ ಬಟ್ಟೆಯ ಕೆಳಗೆ ಗಂಟು. ಗಂಟಿನಲ್ಲಿ ಅರಳಿಟ್ಟು. ರಾಗಿಯನ್ನು ಅರಳು ಹುರಿದು ಬೀಸಿದ ಪುಡಿ ಅದು. ಬೆಲ್ಲ ಕಾಯಿ ಕಲಸಿಕೊಂಡು ತಿನ್ನುತ್ತಾರೆ. ನನ್ನ ತಟ್ಟೆಯಲ್ಲಿ ರಾಗಿ ಮುಟ್ಟದ ಹುಡುಗಿಯರು ಹಿತ್ತಲ ಗೋಡೆಯ ಹಿಂದೆ ನಿಂತು ರಾಗಿ ಮುಕ್ಕುತ್ತಿದ್ದರು.

ಹತ್ತನೇ ಕ್ಲಾಸಿನ ಹುಡುಗಿಯ ಗಂಟೇ ಎಲ್ಲಕ್ಕಿಂತ ದೊಡ್ಡದಿತ್ತು. ಅವಳನ್ನು ಪಕ್ಕಕ್ಕೆ ಕರೆದೆ.

"ಇದೂ ರಾಗಿ ತಾನೇ?"

"ಊಂ ಮಿಸ್."

"ಮತ್ತೆ ಹಿಟ್ಟು ಯಾಕೆ ಬಿಟ್ಟೇಳ್ತೀಯ?"

ಅವಳು ಗಂಟನ್ನು ಬಿಗಿ ಮಾಡಿದಳು, ಸಡಿಲ ಮಾಡಿದಳು. "ಇದುನ್ನ ತಿನ್ನೋದು ಯಾರ್ಗೂ ಕಾಣಲ್ಲ ಮಿಸ್."

"ಹಿಟ್ಟು ಕಂಡ್ರೆ ಏನಾಯ್ತು?"

"ಬೈಯಲ್ಲ ಅಂದ್ರೆ ಏಳ್ತೀನಿ." ನಾನು ಬೈಯಲ್ಲ ಅಂದೆ. "ನೀವು ತಿನ್ನಲ್ವಲ್ಲ ಮಿಸ್. ನಮ್ಗೆ ಇಟ್ಟು ಮಾಡ್ಸಿದ ದಿನಾನೂ ನಿಮ್ಮ ಕ್ಯಾರಿಯರ್‌ಗೆ ಅನ್ನನೇ ಓಯ್ತದೆ. ಓದಿರೋರ್ಗೆ ಅನ್ನ, ಓದ್ದೆ ಇರೋರ್ಗೆ ಇಟ್ಟು ಅಂತ ಎಲ್ರೂ ಅನ್ಕಂಡವ್ರೆ. ನಾವೂ ಓದಕ್ಕೇ ತಾನೇ ಬಂದಿರೋದು?"

ನಾನು ಬೈಯಲಿಲ್ಲ. ಹೋಗು ಅಂದೆ.

ಕೊಳ್ಳೇಗಾಲದಲ್ಲಿ ಕಾಲೇಜಿಗೆ ಹೋಗುವಾಗ ನಮ್ಮವ್ವ ಹಿಟ್ಟು ಉಪ್ಪೆಸರು ಕಟ್ಟಿ ಕೊಡುತ್ತಿದ್ದಳು. ಮೊದಲ ವಾರ ಜೊತೆಯ ಹುಡುಗಿಯರ ಅನ್ನದ ಡಬ್ಬಿಗಳನ್ನು ನೋಡಿದ ಮೇಲೆ ನನ್ನ ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ಮೂರು ವರ್ಷ ಮಧ್ಯಾಹ್ನ ಬನ್ನು ತಿಂದು, ಡಬ್ಬಿಯಲ್ಲಿದ್ದುದನ್ನು ದಾರಿಯ ದನಕ್ಕೆ ಹಾಕಿ, ಖಾಲಿ ಡಬ್ಬಿ ಮನೆಗೆ ಒಯ್ದಿದ್ದೇನೆ. ಡಿಗ್ರಿ ಆದ ಮೇಲೆ ಊರಿಗೆ ಹೋದಾಗಲೆಲ್ಲ ಅವ್ವ ನನಗೊಬ್ಬಳಿಗೆ ಬೇರೆ ಚೆರಿಗೆಯಲ್ಲಿ ಅನ್ನ ಮಾಡುತ್ತಿದ್ದಳು. ಮಾಡು ಅಂತ ನಾನು ಹೇಳಿದ್ದಿಲ್ಲ, ಬೇಡ ಅಂತಲೂ ಹೇಳಿದ್ದಿಲ್ಲ. ನಲವತ್ತೆರಡು ಜನಕ್ಕೆ ರಾಗಿಯ ಗುಣ ಹೇಳಿಕೊಡುತ್ತಿದ್ದವಳು ಡಿಗ್ರಿ ಮುಗಿದಾಗಿನಿಂದ ಒಂದು ತುತ್ತು ಹಿಟ್ಟು ತಿಂದಿರಲಿಲ್ಲ. ಆ ಹುಡುಗಿ ಇದನ್ನು ನೋಡಿಯೇ ಇದ್ದಳು.

ಮಾರನೇ ದಿನ ಬೆಳಿಗ್ಗೆ ಅಡುಗೆಯಮ್ಮನಿಗೆ ಹೇಳಿದೆ, ಇನ್ನು ಮೇಲೆ ಕ್ಯಾರಿಯರ್ ಬೇಡ, ನಾನು ಸಾಲಿನಲ್ಲಿ ಕೂರುತ್ತೇನೆ.

"ವಾರ್ಡನ್ನು ನೆಲದ ಮೇಲೆ ಕುಂತು ಇಟ್ಟು ತಿಂದ್ರೆ ನಾಳಿಂದ ಈ ಕೋತಿಗಳು ನನ್ನ ಮಾತು ಕೇಳ್ತಾವಾ?" ಅಂದಳು.

"ಕೇಳದೆ ಇದ್ರೆ ಇಬ್ಬರೂ ಸೇರಿ ಹೇಳೋಣ."

"ಅದೇನೋ ನಂಗೆ ಗೊತ್ತಿಲ್ಲ. ಕಾರ್ಯದರ್ಸಿ ಸಾಹೇಬ್ರು ಕೇಳಿದ್ರೆ ನಾನು ಬ್ಯಾಡ ಅಂದೆ ಅಂತ ಏಳ್ತೀನಿ."

ಮಧ್ಯಾಹ್ನ ತಟ್ಟೆ ಹಿಡಿದು ಹೋಗಿ ಸಾಲಿನ ಕೊನೆಯಲ್ಲಿ ಕೂತೆ. ನನ್ನ ಪಕ್ಕದಲ್ಲಿದ್ದವಳು ಐದನೇ ಕ್ಲಾಸಿನ ಮಗು. ಮೊಣಕಾಲು ಸರಿಸಿಕೊಂಡು ದೂರ ಕೂತಳು. ಅಡುಗೆಯಮ್ಮ ದಪ್ಪನೆಯ ಹಿಟ್ಟೊಂದನ್ನು ಬೇಕೆಂದೇ ಸದ್ದಾಗುವ ಹಾಗೆ ತಟ್ಟೆಗೆ ಹಾಕಿದಳು. ಮುರಿದೆ, ಸೊಪ್ಪಿನ ಬಸ್ಸಾರಿನಲ್ಲಿ ಹೊರಳಿಸಿದೆ, ಬಾಯಿಗಿಟ್ಟೆ. ಅಲ್ಲೇ ಸಿಕ್ಕಿಕೊಂಡಿತು. ಹಿಟ್ಟನ್ನು ಅಗಿಯಬಾರದು, ನುಂಗಬೇಕು. ನನಗೆ ಆ ರೂಢಿ ತಪ್ಪಿಹೋಗಿತ್ತು. ಅಗಿದಷ್ಟೂ ಹಲ್ಲಿಗೆ ಮೆತ್ತಿ, ಗಂಟಲಿಗೆ ಇಳಿಯದೆ, ಕಣ್ಣಲ್ಲಿ ನೀರು ಬಂತು.

ಐದನೇ ಕ್ಲಾಸಿನ ಮಗು ಬಗ್ಗಿ ನನ್ನ ಮುಖ ನೋಡಿತು. ಆಮೇಲೆ ಪಕ್ಕಕ್ಕೆ ತಿರುಗಿ, "ಮಿಸ್ಸಿಗೆ ನುಂಗಕ್ಕೇ ಬರಲ್ಲ ಕಣೇ" ಅಂದಿತು.

ಸಾಲಿನ ಆ ತುದಿಯವರೆಗೆ ನಗು ಹರಿಯಿತು. ನಾನು ಗದರಿಸಬಹುದಿತ್ತು. ಗದರಿಸಲಿಲ್ಲ. "ಬರಲ್ಲ. ಮರ್ತೋಗೈತೆ. ತೋರ್ಸು" ಅಂದೆ. ನಮ್ಮೂರಿನ ಮಾತು ಬಾಯಿಂದ ಹಾಗೇ ಬಂದುಬಿಟ್ಟಿತು. ಆ ಮಗು ನಿಂಬೆ ಗಾತ್ರಕ್ಕೆ ಮುರಿದು, ಸಾರಿನಲ್ಲಿ ಎರಡು ಸಲ ಹೊರಳಿಸಿ, ನಾಲಿಗೆಯ ಮೇಲಿಟ್ಟು ಗುಳುಕ್ಕನೆ ನುಂಗಿ, ಬಾಯಿ ತೆರೆದು ಖಾಲಿ ತೋರಿಸಿತು. ಎದುರಿಗಿದ್ದ ಹತ್ತನೇ ಕ್ಲಾಸಿನ ಹುಡುಗಿ, "ನಿಂದು ದಪ್ಪ ಆಯ್ತು, ಮಿಸ್ಸಿಗೆ ಚಿಕ್ಕದು ಮಾಡ್ಕೊಳಕ್ಕೆ ಏಳು" ಅಂತ ತಾನೂ ಒಂದು ತುತ್ತು ಮುರಿದು ತೋರಿಸಿದಳು. ತೋರಿಸಿದ ಮೇಲೆ ನುಂಗಲೇಬೇಕಲ್ಲ, ನುಂಗಿದಳು. ನನಗೆ ನುಂಗಲು ಕಲಿಸುವ ನೆಪದಲ್ಲಿ ಆವತ್ತು ಬಹಳ ಜನ ಒಂದೊಂದು ಹಿಟ್ಟು ಮುಗಿಸಿದರು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ. ಎಮ್ಮೆಗೆ ಹೋಗುವುದು ಪೂರ್ತಿ ನಿಲ್ಲಲು ಇನ್ನೊಂದು ತಿಂಗಳು ಬೇಕಾಯಿತು. ಸಂಜೆಯ ಬಿಸ್ಕತ್ತನ್ನು ಪೂರಾ ನಿಲ್ಲಿಸಲು ನನ್ನಿಂದ ಆಗಲೇ ಇಲ್ಲ. ವಾರದಲ್ಲಿ ನಾಲ್ಕು ದಿನ ಹುರಿದ ಕಡಲೆಕಾಯಿ ಬೆಲ್ಲ, ಮೂರು ದಿನ ಬಿಸ್ಕತ್ತು ಅಂತ ರಾಜಿಯಾಯಿತು. ಕವೆಗೋಲು ಹಿಡಿಯಲು ದೊಡ್ಡ ಹುಡುಗಿಯರು ಸರದಿ ಮಾಡಿಕೊಂಡರು. ಅಡುಗೆಯಮ್ಮನ ರಟ್ಟೆ ನೋವು ಅರ್ಧ ಕಮ್ಮಿಯಾಯಿತು, ಗೊಣಗುವುದು ಅಷ್ಟೇ ಇತ್ತು.

ಡಿಸೆಂಬರಿನಲ್ಲಿ ಲೊಕ್ಕನಹಳ್ಳಿಯ ರೈತ ಬರಿಗೈಯಲ್ಲಿ ಬಂದು ನಿಂತ. ಕುಯ್ಲಿಗೆ ಬಂದಿದ್ದ ರಾಗಿಯನ್ನು ಆನೆಗಳು ತುಳಿದು ಹಾಕಿದ್ದವು. "ತಿಂದಿದ್ರೆ ಓಗ್ಲಿ ಅನ್ಬೌದಿತ್ತು, ಮಲೀಕಂಡು ಒಳ್ಳಾಡವೆ" ಅಂದ. ನನ್ನಲ್ಲಿ ಎಂಟು ದಿನಕ್ಕೆ ಆಗುವಷ್ಟು ಹಿಟ್ಟಿತ್ತು. ಸಂಕ್ರಾಂತಿಗೆ ತಿಂಗಳೂ ಇರಲಿಲ್ಲ. ಅಂಗಡಿ ರಾಗಿ ನಮ್ಮ ಹಣಕ್ಕೆ ನಿಲುಕುತ್ತಿರಲಿಲ್ಲ. ಶನಿವಾರದ ಬಸ್ಸು ಹತ್ತಿ ಮುಳ್ಳೂರಿಗೆ ಹೋದೆ.

ಅವ್ವ ಒಲೆ ಮುಂದೆ ಕೂತಿದ್ದಳು. ನನ್ನನ್ನು ಕಂಡದ್ದೇ ಅಕ್ಕಿ ಮೊರ ಎಳೆದುಕೊಂಡಳು.

"ಅಕ್ಕಿ ಬೇಡ ಕಣವ್ವ. ಹಿಟ್ಟೇ ಹಾಕು."

ಅವ್ವನ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕವ್ವಾ, ಕೆಲ್ಸ ಓಯ್ತಾ?"

ನಕ್ಕುಬಿಟ್ಟೆ. ಕೆಲಸ ಹೋಗಿಲ್ಲ ಅಂತ ಅವಳನ್ನು ನಂಬಿಸಲು ಊಟ ಮುಗಿಯುವವರೆಗೆ ಬೇಕಾಯಿತು. ಮಾರನೇ ದಿನ ಅವಳೇ ನಮ್ಮ ಬೀದಿಯ ನಾಲ್ಕು ಮನೆ ಸುತ್ತಿ, ಕಣದ ಬೆಲೆಗೆ ರಾಗಿ ಒಟ್ಟು ಮಾಡಿ, ಬಸ್ಸಿನ ಮೇಲೆ ಹಾಕಿಸಿದಳು. ಯಾರಿಗೆ, ಯಾಕೆ ಅಂತ ಒಂದೇ ಒಂದು ಮಾತು ಕೇಳಲಿಲ್ಲ. ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದು, "ರಾಗಿಗೆ ಬಿಸ್ಲು ತೋರ್ಸಿ ಆಮೇಕೆ ಬೀಸ್ಸು" ಅಂತ ಮಾತ್ರ ಹೇಳಿದಳು.

ಸಂಕ್ರಾಂತಿ ಮುಗಿದ ಮರುದಿನ ಅಜ್ಜಿ ಬಂದಳು. ಕೈಯಲ್ಲಿ ಖಾಲಿ ಚೀಲ ಇತ್ತು. ಮೊಮ್ಮಗಳ ಬಟ್ಟೆ ತುಂಬಿಕೊಳ್ಳಲು ತಂದಿದ್ದಳು ಅಂತ ನನಗೆ ಗೊತ್ತಾಯಿತು. ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು, ಉಗುರು ನೋಡಿದಳು, ನಾಲಿಗೆ ಚಾಚಿಸಿದಳು. ಊಟದ ಹೊತ್ತಾಗಿತ್ತು, ಸಾಲಿನಲ್ಲಿ ಕೂರಿಸಿದೆವು. ಮೊಮ್ಮಗಳು ಎರಡನೇ ಹಿಟ್ಟು ಹಾಕಿಸಿಕೊಂಡದ್ದನ್ನು ಓರೆಗಣ್ಣಿನಲ್ಲಿ ನೋಡಿದಳು.

"ಬಸ್ಸಾರ್ಗೆ ಉಪ್ಪು ಒಂದು ಕಲ್ಲು ಜಾಸ್ತಿ" ಅಂದಳು. ಕೈ ತೊಳೆದ ಮೇಲೆ ಚೀಲವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ವಸಿ ಕೆಂಪಾಗವಳೆ. ಪರೀಕ್ಸೆ ಆಗ್ಲಿ, ಆಮೇಕೆ ನೋಡನ."

ನರ್ಸಮ್ಮನೂ ಆ ತಿಂಗಳು ಬಂದು ಕಣ್ಣು ನೋಡಿ ಪರವಾಗಿಲ್ಲ ಅಂದರು. ಅದರಲ್ಲಿ ಮಾತ್ರೆಯ ಪಾಲೆಷ್ಟು, ಸೊಪ್ಪು ಕಾಳಿನ ಪಾಲೆಷ್ಟು ಅಂತ ನಾನು ಹೇಳಲಾರೆ. ಆ ಹುಡುಗಿ ಆಮೇಲೆ ಪ್ರಾರ್ಥನೆಯ ಸಾಲಿನಲ್ಲಿ ಬೀಳಲಿಲ್ಲ, ಅಷ್ಟು ಗೊತ್ತು.

ನನ್ನ ಪಾಡು ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಕಾರ್ಯದರ್ಶಿಯವರು ಒಮ್ಮೆ ಊಟದ ಹೊತ್ತಿಗೆ ಬಂದು ನನ್ನನ್ನು ನೆಲದ ಮೇಲೆ ಕಂಡು, "ಓದಿದ್ದಕ್ಕೊಂದು ಅಂತಸ್ತು ಬೇಡವಾ ಮೇಡಂ?" ಅಂದರು. ಖರ್ಚು ಹೆಚ್ಚಾಗಿರಲಿಲ್ಲವಾದ್ದರಿಂದ ಬ್ರೆಡ್ಡಿನ ಮಾತೆತ್ತಲಿಲ್ಲ. ಟೀಚರುಗಳು ನನಗೆ ಹಿಟ್ಟು ಮೇಡಂ ಅಂತ ಹೆಸರಿಟ್ಟಿದ್ದರು. ಶಾಲೆಯ ವಾರ್ಷಿಕೋತ್ಸವದ ದಿನ ಅವರ ಗುಂಪಿನಲ್ಲಿ ಒಂದು ಕುರ್ಚಿ ಖಾಲಿ ಇದ್ದರೂ ಯಾರೂ ಕರೆಯಲಿಲ್ಲ. ಮಧ್ಯಾಹ್ನ ನಲವತ್ತೆರಡು ಜನರ ಜೊತೆ ಉಂಡು, ಸಂಜೆ ಅದೇ ಕಿಟಕಿ, ಅದೇ ಖಾಲಿ ರಸ್ತೆ. ಪರೀಕ್ಷೆ ಮುಗಿದು ಹುಡುಗಿಯರೆಲ್ಲ ಊರಿಗೆ ಹೋದ ದಿನ ಅಡುಗೆಯಮ್ಮನೂ ರಜೆ ಹಾಕಿದ್ದಳು. ನಾನೊಬ್ಬಳೇ ಒಂದು ಹಿಟ್ಟು ಮಾಡಿಕೊಂಡು ಆ ಉದ್ದನೆಯ ಹಾಲಿನಲ್ಲಿ ಹೋಗಿ ಕೂತೆ. ಕೋಣೆಗೆ ಒಯ್ಯಬಹುದಿತ್ತು. ಒಯ್ಯಬೇಕು ಅನ್ನಿಸಲಿಲ್ಲ. ಗುಬ್ಬಿಗಳು ಒಳಗೆ ಬಂದು ಕಾಳು ಹುಡುಕುತ್ತಿದ್ದವು. ನುಂಗುವ ಸದ್ದು ನನಗೇ ಕೇಳಿಸಿತು.

ರಿಸಲ್ಟು ಬಂದಾಗ ಆ ಹುಡುಗಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಸರ್ಟಿಫಿಕೇಟ್ ಕೊಡುವ ದಿನ ಅಜ್ಜಿ ಮೊಮ್ಮಗಳು ಬೆಳಗಿನ ಮೊದಲ ಬಸ್ಸಿಗೇ ಬಂದು ಶಾಲೆಯ ಜಗಲಿಯಲ್ಲಿ ಕೂತಿದ್ದರು. ಹೆಡ್‌ಮಾಸ್ಟರು ಹಾಳೆಯನ್ನು ನನ್ನ ಕೈಗಿತ್ತು, "ನಿಮ್ಮ ಹುಡುಗಿ, ನೀವೇ ಕೊಡಿ" ಅಂದರು. ನಾನು ಹುಡುಗಿಗೆ ಕೊಟ್ಟೆ. ಅವಳು ಸಹಿ ಹಾಕಿ ತೆಗೆದುಕೊಂಡು ಅಜ್ಜಿಗೆ ಕೊಟ್ಟಳು. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಹಿಡಿದಳು.

"ಇದ್ರಾಗೆ ಇವಳ ಎಸ್ರು ಎಲ್ಲೈತೆ?"

ತೋರಿಸಿದ್ದಕ್ಕೆ ಆ ಜಾಗದ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ನೋಡಿದಳು. ಓದಲು ಬಾರದವಳು ಏನು ನೋಡಿದಳೋ. ಪರೀಕ್ಷೆ ಆದ ಮೇಲೆ ನೋಡೋಣ ಅಂದಿದ್ದವಳು ಈಗ ಏನು ಹೇಳುತ್ತಾಳೋ ಅಂತ ಕಾಯುತ್ತಿದ್ದೆ.

"ಪಿಯುಸಿ ಅಂತಾರಲ್ಲ ಅದು ಕೊಳ್ಳೇಗಾಲದಾಗೆ ತಾನೇ? ನಮ್ಮೂರಿಂದ ಎಸ್ಟೊತ್ಗೆ ಬಸ್ಸು ಅತ್ತುದ್ರೆ ಇವಳ ಕ್ಲಾಸಿಗೆ ಸರೋಯ್ತದೆ?"

"ಅವಳ ಸೋದರಮಾವನಿಗೆ ಏನಂತ ಹೇಳ್ತೀರಿ ಅಜ್ಜಿ?"

"ಅವನ್ಗೆ ಬ್ಯಾರೆ ಎಣ್ಣು ಸಿಕ್ತಾಳೆ. ನೀನು ಬಸ್ಸಿನ ಟೈಮು ಏಳವ್ವ."